ಚಿಕ್ಕ ಧಣಿಗೆ ಚಕ್ರ ಕಲಿಸಿದವಳು

ಕೆನೆವೆಗೆ ಆ ಕೆಲಸ ಸಿಕ್ಕಿದ್ದು ಮಗ್ಗಿ ಬಾಯಿಪಾಠ ಬರುತ್ತಿದ್ದುದರಿಂದ. ಎಪ್ಪತ್ತೊಂದನೇ ಇಸವಿಯ ಚಳಿಗಾಲ. ದಕ್ಷಿಣ ಆಫ್ರಿಕಾದ ಗಡಿನದಿಯ ಈಚೆಗಿನ ಮಸೇರು ಪಟ್ಟಣದ ಗುಡ್ಡದ ಮೇಲೆ ಹೊಸದಾಗಿ ಎದ್ದಿದ್ದ ಹೊಟೇಲಿನ ಹಿಂಬಾಗಿಲಲ್ಲಿ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಕಂಬಳಿ ಹೊದ್ದು ಸಾಲು ನಿಂತಿದ್ದರು. ಎಲ್ಲರೂ ಬಂದದ್ದು ಹಾಸಿಗೆ ಹಾಸುವ, ತಟ್ಟೆ ತೊಳೆಯುವ ಕೆಲಸ ಸಿಕ್ಕರೆ ಸಾಕೆಂದು. ಲಾಕ್‌ವುಡ್ ಎಂಬ ಇಂಗ್ಲಿಷಿನವನೊಬ್ಬ ಸಾಲಿನುದ್ದಕ್ಕೂ ನಡೆಯುತ್ತ, ಒಬ್ಬೊಬ್ಬಳ ಕೈಯನ್ನೂ ಮಗುಚಿ ನೋಡಿ, ಒಂದೇ ಪ್ರಶ್ನೆ ಕೇಳುತ್ತಿದ್ದ. ಕೆನೆವೆಯ ಮುಂದೆ ಬಂದಾಗಲೂ ಅದನ್ನೇ ಕೇಳಿದ.

"ಹದಿನೇಳೆಂಟಲೆ?"

"ನೂರ ಮೂವತ್ತಾರು."

ಅವನು ನಿಂತ. "ಮೂವತ್ತೈದೊಂಬತ್ತಲೆ?"

"ಮುನ್ನೂರ ಹದಿನೈದು."

"ಒಳಗೆ ಹೋಗು" ಎಂದ. ಹೊರಗೆ ಉಳಿದವರು ಅವಳನ್ನು ದಿಟ್ಟಿಸಿ ನೋಡಿದರು. ಒಳಗೆ ಏನು ಕೆಲಸವೆಂದು ಅವಳಿಗೂ ಗೊತ್ತಿರಲಿಲ್ಲ.

ಆಗ ಅವಳಿಗೆ ಹತ್ತೊಂಬತ್ತು. ಅವ್ವ ತೀರಿಕೊಂಡಿದ್ದಳು. ಅಪ್ಪ ವೆಲ್ಕಮ್ಮಿನ ಚಿನ್ನದ ಗಣಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ ಈ ಕಡೆಯ ದಾರಿ ಮರೆತಿದ್ದ. ಅವಳನ್ನು ಸಾಕಿದವನು ಸೋದರಮಾವ ಮೊಖೆಲೆ. ನದಿಯಾಚೆಯ ದಕ್ಷಿಣ ಆಫ್ರಿಕಾದ ನೆಲದಲ್ಲಿ, ಫರ್ಮಾಕ್ ಎಂಬ ಬಿಳಿಯರ ಫಾರ್ಮಿನಲ್ಲಿ, ಮೀಸೆ ಮೂಡುವ ಮುಂಚಿನಿಂದ ದುಡಿಯುತ್ತಿದ್ದ. ಕಾಗದದಲ್ಲಿ ಆ ಫಾರ್ಮಿಗೆ ಏನು ಹೆಸರಿತ್ತೋ. ನಮ್ಮವರು ಕರೆಯುತ್ತಿದ್ದುದು ಮೆಲುವಾನೆಂಗ್ ಎಂದು. ಹೊಳೆಬದಿಗೆ ಒಂದೇ ಸಾಲಿನಲ್ಲಿ ನೀರುಹಬ್ಬೆ ಮರಗಳು, ಅವುಗಳ ಹಿಂದೆ ಕೆಲಸಗಾರರ ಆರು ಮಣ್ಣಿನ ಮನೆಗಳು. ಅಲ್ಲಿನ ದೊಡ್ಡ ಧಣಿ ಮೊಖೆಲೆಗೆ ದನ ಕಟ್ಟಿಕೊಳ್ಳಲು ಬಾಯಿಮಾತಿನ ಒಪ್ಪಿಗೆ ಕೊಟ್ಟಿದ್ದ. ಹನ್ನೆರಡಿದ್ದವು, ಒಂದು ಎತ್ತನ್ನು ಮೊಖೆಲೆ ಕೆನೆವೆಯ ಮಿಷನ್ ಶಾಲೆಗಾಗಿ ಮಾರಿದ ಮೇಲೆ ಹನ್ನೊಂದು ಉಳಿದಿದ್ದವು. ಶಾಲೆಯ ರಜೆಗಳನ್ನು ಅವಳು ಅಲ್ಲೇ ಕಳೆದದ್ದು. ಮಾವನ ಹೆಂಡತಿ, ಇಬ್ಬರು ಎಳೆಯ ಮಕ್ಕಳು ಅದೇ ಮರಗಳ ಆಚೆ ಮಣ್ಣಾಗಿದ್ದರು.

ತರಬೇತಿ ಆರು ವಾರ ನಡೆಯಿತು. ಕಿಟಕಿಯಿಲ್ಲದ ಕೋಣೆ, ಹಸಿರು ಬಟ್ಟೆ ಹೊದಿಸಿದ ಉದ್ದನೆಯ ಮೇಜು, ಅದರ ತಲೆಯ ಕಡೆ ಜೂಜಾಡುವ ಮರದ ಚಕ್ರ. ಮೊದಲ ದಿನವೇ ಲಾಕ್‌ವುಡ್ ಒಬ್ಬೊಬ್ಬಳಿಗೂ ನೂರು ಬಿಲ್ಲೆ ಎಣಿಸಿಕೊಟ್ಟು, "ಮೊದಲು ಆಡಿ. ಆಡೋದು ಗೊತ್ತಾದ್ಮೇಲೆ ಆಡಿಸೋದು" ಎಂದ. ಬೆಲೆಯಿಲ್ಲದ ಬಣ್ಣದ ಬಿಲ್ಲೆಗಳು. ಚಕ್ರದಲ್ಲೂ ಮೇಜಿನ ಬಟ್ಟೆಯ ಮೇಲೂ ಮೂವತ್ತಾರು ಅಂಕಿ, ಜೊತೆಗೆ ಒಂದು ಸೊನ್ನೆ; ತಿರುಗುವ ಚಕ್ರದೊಳಗೆ ಬಿಟ್ಟ ಪುಟ್ಟ ಗುಂಡು ಯಾವ ಅಂಕಿಯ ಮನೆಯಲ್ಲಿ ಕೂರುತ್ತದೆಂದು ಬಿಲ್ಲೆಯಿಟ್ಟು ಹೇಳಬೇಕು. ಒಂದೇ ಅಂಕಿಯ ಮೇಲಿಟ್ಟು ಬಂದರೆ ಒಂದಕ್ಕೆ ಮೂವತ್ತೈದು. ಎರಡು ಅಂಕಿಗಳ ನಡುವಿನ ಗೆರೆಯ ಮೇಲಿಟ್ಟರೆ ಹದಿನೇಳು. ನಾಲ್ಕು ಮನೆ ಕೂಡುವ ಮೂಲೆಯಲ್ಲಿಟ್ಟರೆ ಎಂಟು. ಕೆಂಪೋ ಕಪ್ಪೋ ಎಂದರೆ ಒಂದಕ್ಕೊಂದು. ಹುಡುಗಿಯರು ಕೇಕೆ ಹಾಕಿ ಆಡಿದರು. ಮಧ್ಯಾಹ್ನದ ಹೊತ್ತಿಗೆ ಲಿಮಕಾತ್ಸೊ ಎಂಬವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಬರಿಗೈ. ಲಿಮಕಾತ್ಸೊ ಮುಂದೆ ಬಿಲ್ಲೆಗಳ ಗುಡ್ಡೆ, ಊಟಕ್ಕೂ ಏಳಲೊಲ್ಲಳು.

"ಏಳೇ, ಮುದ್ದೆ ತಣ್ಣಗಾಗುತ್ತೆ. ಅವನ್ನೇನು ಕಚ್ಚಿಕೊಂಡು ತಿಂತೀಯಾ?" ಎಂದು ಕೆನೆವೆ ಕರೆದಳು.

"ನೀನು ಸೋತಿದ್ದೀ ನೋಡು, ಅದಕ್ಕೆ ಹಸಿವು" ಎಂದಳು ಲಿಮಕಾತ್ಸೊ. ಎಲ್ಲರೂ ಉಂಡು ಬರುವಷ್ಟರಲ್ಲಿ ಅವಳ ಗುಡ್ಡೆಯೂ ಕರಗಿತ್ತು. ಬೆಲೆಯಿಲ್ಲದ ಬಿಲ್ಲೆಗಳಿಗಾಗಿ ಅವಳು ನಿಜವಾಗಿಯೂ ಅತ್ತಳು.

"ಹಾಗಾದ್ರೆ ಇದರಲ್ಲಿ ಗೆಲ್ಲೋದು ಹ್ಯಾಗೆ ಸಾರ್?" ಎಂದು ಕೆನೆವೆ ಕೇಳಿದಳು.

"ಗೆದ್ದಾಗ ಎದ್ದು ಹೋಗ್ಬೇಕು. ಯಾರೂ ಹೋಗಲ್ಲ" ಎಂದ ಲಾಕ್‌ವುಡ್.

ಆಮೇಲೆ ಆಡಿಸುವ ಪಾಠ. ಬಿಲ್ಲೆಗಳನ್ನು ಒಂದೇ ಕೈಯಲ್ಲಿ ಇಪ್ಪತ್ತಿಪ್ಪತ್ತಾಗಿ ಒಟ್ಟುವುದು. ಚಕ್ರವನ್ನು ಒಂದು ಕಡೆಗೆ ತಿರುಗಿಸಿ ಗುಂಡನ್ನು ಎದುರು ದಿಕ್ಕಿಗೆ ಬಿಡುವುದು. ಗುಂಡು ಇಳಿಯುವ ಸದ್ದು ಕೇಳಿದೊಡನೆ ಕೈಯನ್ನು ಮೇಜಿನ ಮೇಲೆ ಅಡ್ಡ ಆಡಿಸಿ "ಇನ್ನು ಸಾಕು" ಎನ್ನುವುದು. ಬಿದ್ದ ಅಂಕಿಯ ಮೇಲೆ ಗುರುತಿನ ಗೊಂಬೆ ಇಟ್ಟು, ಸೋತ ಬಿಲ್ಲೆಗಳನ್ನು ಮೊದಲು ಬಳಿದುಕೊಂಡು, ಗೆದ್ದವರಿಗೆ ಆಮೇಲೆ ಕೊಡುವುದು. ಅವರ ಉಡುಪಿಗೆ ಜೇಬೇ ಇರಲಿಲ್ಲ. ಮೂಗು ಒರೆಸಿಕೊಳ್ಳಬೇಕಾದರೂ ಎರಡೂ ಅಂಗೈಗಳನ್ನು ಮೊದಲು ಎತ್ತಿ ತೋರಿಸಬೇಕು. ಆಡುವವರ ಜೊತೆ ಆಟದ ಮಾತಲ್ಲದೆ ಬೇರೆ ಮಾತಿಲ್ಲ. "ಮುಖ ನೋಡ್ಬೇಡಿ, ಕೈ ನೋಡಿ" ಎಂದು ಲಾಕ್‌ವುಡ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಕೆನೆವೆ ಆರು ವಾರದಲ್ಲಿ ಎಲ್ಲರಿಗಿಂತ ಮುಂದೆ ಹೋದಳು. ನಿದ್ದೆಯಲ್ಲೂ ಹದಿನೇಳರ ಮಗ್ಗಿ ಹೇಳುತ್ತಿದ್ದಳೆಂದು ಜೊತೆಯಲ್ಲಿ ಕೋಣೆ ಹಿಡಿದಿದ್ದ ಲಿಮಕಾತ್ಸೊ ಗೇಲಿ ಮಾಡುತ್ತಿದ್ದಳು.

ನದಿಯಾಚೆ ಈ ಆಟಕ್ಕೆ ಕಾನೂನಿನ ತಡೆಯಿತ್ತು. ಹಾಗಾಗಿ ಶನಿವಾರ ಬಂತೆಂದರೆ ಸೇತುವೆಯ ಮೇಲೆ ಬಿಳಿಯರ ಕಾರುಗಳ ಸಾಲು. ತಮ್ಮ ಊರಿನಲ್ಲಿ ಕರಿಯರ ಜೊತೆ ಒಂದೇ ಬೆಂಚಿನಲ್ಲಿ ಕೂರದವರು ಇಲ್ಲಿ ಕೆನೆವೆಯ ಮೇಜಿಗೆ ಮೊಳಕೈ ಊರಿ, ಅವಳ ಬೆರಳನ್ನೇ ನೋಡುತ್ತ ಉಸಿರು ಬಿಗಿಹಿಡಿಯುತ್ತಿದ್ದರು. ಅದು ಅವಳಿಗೆ ಮೊದಮೊದಲು ಒಳಗೊಳಗೇ ಖುಷಿ ಕೊಟ್ಟಿತ್ತು, ಸುಳ್ಳೇಕೆ.

ಮರುವರ್ಷದ ಒಂದು ಶನಿವಾರ ಮಧ್ಯಾಹ್ನ ಚಿಕ್ಕ ಧಣಿ ಬಂದ. ಹೆಸರು ಕೋಸ್ ಫರ್ಮಾಕ್, ವಯಸ್ಸು ಮೂವತ್ತರ ಆಸುಪಾಸು. ಅವನಪ್ಪ ದೊಡ್ಡ ಧಣಿ ತೀರಿಕೊಂಡು ಫಾರ್ಮು ಇವನ ಕೈಗೆ ಬಂದು ಆರು ತಿಂಗಳಾಗಿತ್ತು. ಜೊತೆಗೆ ಬಂದ ಗೆಳೆಯರಿಬ್ಬರು ಬಾರಿನ ಕಡೆ ಹೋದರು. ಇವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಚರ್ಚಿನಲ್ಲಿ ನಿಂತವನಂತೆ ಮೇಜಿನಿಂದ ಒಂದು ಮಾರು ದೂರ ನಿಂತ. ಕೆನೆವೆ ಕಂಡ ಕೂಡಲೇ ಗುರುತು ಹಿಡಿದಳು. ಎಂಟು ವರ್ಷದವಳಾಗಿದ್ದಾಗ ಇವನ ಕುದುರೆಗೆ ನೀರು ಹೊತ್ತಿದ್ದಳು. ಅವನಿಗೆ ಇವಳ ಗುರುತಿರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ಮೇಜು ಖಾಲಿಯಿತ್ತು. ಅವಳು ಅವನ ಆಫ್ರಿಕಾನ್ಸ್ ಭಾಷೆಯಲ್ಲೇ, "ಕೂತ್ಕೊಳ್ಳಿ ಧಣೀ" ಎಂದಳು.

ಅವನ ಮುಖ ಸಡಿಲವಾಯಿತು. "ನಮ್ಮ ಮಾತು ಬರುತ್ತಾ ನಿಂಗೆ? ಇದಕ್ಕೆ ಶುರು ಎಲ್ಲಿಂದ? ನಗಬೇಡ ಮತ್ತೆ, ನನಗೊಂದೂ ಗೊತ್ತಿಲ್ಲ."

ಹೊಸಬರಿಗೆ ಆಟ ತಿಳಿಸಿಕೊಡುವುದಕ್ಕೆ ತಡೆಯಿರಲಿಲ್ಲ, ತಿಳಿಸಬೇಕೆಂದೇ ಇತ್ತು. ಅವಳು ನಿಧಾನವಾಗಿ ಹೇಳಿದಳು: "ಮೊದಲು ನೋಟನ್ನ ಮೇಜಿನ ಮೇಲಿಡಿ, ನನ್ನ ಕೈಗೆ ಕೊಡಬೇಡಿ. ನಿಮಗೆ ಅಂತ ಒಂದು ಬಣ್ಣದ ಬಿಲ್ಲೆ ಕೊಡ್ತೀನಿ. ಮೊದಮೊದಲು ಕೆಂಪು ಕಪ್ಪು ಅಷ್ಟೇ ಆಡಿ. ಅಂಕಿಗೆ ಹೋಗಬೇಡಿ. ನಾನು ಸಾಕು ಅಂದ್ಮೇಲೆ ಬಿಲ್ಲೆ ಮುಟ್ಟೋ ಹಾಗಿಲ್ಲ."

ಅವನು ಕೆಂಪಿಗೆ ಎರಡು ಬಿಲ್ಲೆ ಇಟ್ಟ, ಸೋತ. ಮತ್ತೆ ಎರಡು ಇಟ್ಟ, ಗೆದ್ದ. ಹೀಗೇ ಅರ್ಧ ಗಂಟೆ ಆಡಿದ ಮೇಲೆ, "ಅಂಕಿಗೆ ಒಂದೇ ಒಂದು ಇಡಲಾ?" ಎಂದು ಅಪ್ಪಣೆ ಕೇಳುವವನಂತೆ ಕೇಳಿ, ಎಂಟರ ಮೇಲೆ ಒಂದು ಬಿಲ್ಲೆ ಇಟ್ಟ. ಗುಂಡು ಎಂಟರ ಮನೆಯಲ್ಲೇ ಕೂತಿತು. ಅವಳು ಮೂವತ್ತೈದು ಬಿಲ್ಲೆ ಎಣಿಸಿ ಅವನತ್ತ ದೂಡಿದಳು. ಅವನು ಅವಳ ಮುಖವನ್ನೇ ನೋಡಿ, "ತುಂಬ ಉಪಕಾರವಾಯ್ತು" ಎಂದ. ಮಾವ ಮೂವತ್ತು ವರ್ಷ ದುಡಿದ ಮನೆಯವನ ಬಾಯಿಂದ ಆ ಮಾತು ಬರುವುದನ್ನು ಅವಳು ಕೇಳಿದ್ದು ಅದೇ ಮೊದಲು. ಆ ಸಂಜೆ ಕೋಣೆಗೆ ಹೋಗಿ ಲಿಮಕಾತ್ಸೊಗೆ ಅದನ್ನೇ ಎರಡು ಸಲ ಹೇಳಿದಳು.

ಅಲ್ಲಿಂದ ಪ್ರತಿ ಶನಿವಾರ ಬಂದ. ಕೆಲವು ತಿಂಗಳಲ್ಲಿ ಬುಧವಾರವೂ ಬರತೊಡಗಿದ. ಬೇರೆ ಮೇಜು ಖಾಲಿಯಿದ್ದರೂ ಕೆನೆವೆಯ ಮೇಜಿಗೇ ಕಾಯುತ್ತಿದ್ದ. ಹೊಟೇಲಿನವರು ಪುಕ್ಕಟೆ ಕೊಡುತ್ತಿದ್ದ ಚೀಟಿ, ಪೆನ್ಸಿಲ್ ಹಿಡಿದು ಬಿದ್ದ ಅಂಕಿಗಳನ್ನೆಲ್ಲ ಬರೆದುಕೊಳ್ಳುತ್ತಿದ್ದ. ಕಪ್ಪು ನಾಲ್ಕು ಸಲ ಬಂದರೆ ಐದನೆಯದಕ್ಕೆ ಕೆಂಪು ಬರಲೇಬೇಕೆಂದು ಲೆಕ್ಕ ಹಾಕಿ, ಸೋತಾಗಲೆಲ್ಲ ಪಣವನ್ನು ಎರಡರಷ್ಟು ಮಾಡುತ್ತಿದ್ದ. ಗುಂಡಿಗೆ ಹಿಂದಿನದು ನೆನಪಿರುವುದಿಲ್ಲವೆಂಬುದು ಮಗ್ಗಿ ಬಲ್ಲ ಕೆನೆವೆಗೆ ಗೊತ್ತಿತ್ತು. ಒಮ್ಮೆ ಲಾಕ್‌ವುಡ್ ಅವಳ ಬೆನ್ನ ಹಿಂದೆ ಬಂದು ನಿಂತು, "ಆತನ ಪೆನ್ಸಿಲ್ ಮೊಂಡಾಗಿದೆ. ಹೊಸದೊಂದು ಕೊಡು" ಎಂದು ಪಿಸುಗುಟ್ಟಿದ. ಅವಳು ಕೊಟ್ಟಳು.

ಆ ಸಲದ ಕ್ರಿಸ್ಮಸ್ಸಿಗೆ ಅವಳು ಮೆಲುವಾನೆಂಗಿಗೆ ಹೋದಳು. ಮಾವ ಕೋಳಿ ಕೊಯ್ದಿದ್ದ. ಜೋಳದ ಹುಳಿಬೀರಿನ ಗಡಿಗೆ ನಡುವೆ ಇಟ್ಟುಕೊಂಡು ಕೆಲಸಗಾರರೆಲ್ಲ ಬೇಲಿಯ ನೆರಳಲ್ಲಿ ಕೂತಿದ್ದರು. ಧಣಿಯ ಹೊಸ ಟ್ರ್ಯಾಕ್ಟರು ಮಾರಾಟವಾದದ್ದು, ಕುರಿಗಳನ್ನು ಲಾರಿಗೆ ತುಂಬಿ ಕಳಿಸಿದ್ದು, ಎಲ್ಲ ಮಾತು ಬಂತು.

"ವಾರಕ್ಕೆರಡು ಸಲ ನಿಮ್ಮ ಊರ ಕಡೆ ಗಾಡಿ ಓಡಿಸ್ತಾನಲ್ಲಮ್ಮ. ಯಾವಳನ್ನೋ ಇಟ್ಕೊಂಡಿದ್ದಾನಂತೆ ಮಸೇರುವಿನಲ್ಲಿ. ಹೌದಾ?" ಎಂದು ಒಬ್ಬ ಕೇಳಿದ.

"ಇಟ್ಕೊಂಡ್ರೆ ಇಟ್ಕೊಳ್ಲಿ ಬಿಡು, ಟ್ರ್ಯಾಕ್ಟರು ತಿಂದವಳು ನಾಳೆ ನೇಗಿಲನ್ನೂ ಎಳೀಬೇಕಲ್ಲ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಮೊಖೆಲೆ ನಗಲಿಲ್ಲ. "ನಿಂಗೇನಾದ್ರೂ ಕಿವಿಗೆ ಬಿದ್ದಿದೆಯಾ ಮಗಳೇ?" ಎಂದ.

ಒಳಗಿನ ಮಾತು ಹೊರಗಾಡಿದರೆ ಕೆಲಸ ಹೋಗುತ್ತದೆಂದು ಅವಳು ಸಹಿ ಹಾಕಿಕೊಟ್ಟಿದ್ದಳು. ಅದಕ್ಕಿಂತ ಹೆಚ್ಚಾಗಿ, ಮಾವ ಎತ್ತು ಮಾರಿ ಕಲಿಸಿದ ಮಗ್ಗಿ ಯಾವ ಕೆಲಸಕ್ಕೆ ಬಂದಿದೆಯೆಂದು ಹೇಳಲು ನಾಲಿಗೆ ಏಳಲಿಲ್ಲ. ಹೊಟೇಲಿನಲ್ಲಿ ಲೆಕ್ಕ ಬರೆಯುತ್ತೇನೆಂದಷ್ಟೇ ಅವನಿಗೆ ಹೇಳಿದ್ದಳು.

"ನಂಗೇನೂ ಗೊತ್ತಿಲ್ಲ ಮಾವ" ಎಂದಳು.

ಮುಂದಿನ ಹನ್ನೊಂದು ತಿಂಗಳು ಅವಳು ಗೊತ್ತಿಲ್ಲದವಳಂತೆಯೇ ಇದ್ದಳು. ಚಿಕ್ಕ ಧಣಿ ತೆಳ್ಳಗಾದ. ಗೆಳೆಯರ ಜೊತೆ ಬರುತ್ತಿದ್ದವನು ಒಂಟಿಯಾಗಿ ಬರತೊಡಗಿದ. ಹೆಂಡತಿ ತವರಿಗೆ ಹೋದಳೆಂದು ಬಾರಿನವರು ಆಡಿಕೊಂಡರು. ಗೆದ್ದ ದಿನಗಳೂ ಇದ್ದವು. ಒಂದು ಶನಿವಾರವಂತೂ ಎರಡು ಜೇಬು ತುಂಬಿಕೊಂಡು ಎದ್ದು ಬಾಗಿಲವರೆಗೆ ಹೋದ. ಕೆನೆವೆ ಚಕ್ರ ತಿರುಗಿಸುತ್ತಲೇ ಓರೆಗಣ್ಣಲ್ಲಿ ನೋಡಿದಳು. ಹೋಗು, ಹೋಗು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅವನು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತವನು ತಿರುಗಿ ಬಂದ.

ನವೆಂಬರಿನ ಒಂದು ಮಂಗಳವಾರ, ಮಧ್ಯಾಹ್ನ ಎರಡು ಗಂಟೆಗೆ, ಇಸ್ತ್ರಿ ಹಾಕಿದ ಕೋಟು ತೊಟ್ಟು ಬಂದು ಕೂತ. ಆಟದ ಕೋಣೆಯ ಮೇಲ್ವಿಚಾರಕ ತಾನೇ ಬಂದು ಕೈ ಕುಲುಕಿ, ಮೇಜಿನ ಸುತ್ತ ಬೇರೆಯವರು ಬಾರದಂತೆ ಹಗ್ಗ ಕಟ್ಟಿಸಿದ. ಅವನು ಮೇಜಿನ ಮೇಲಿಟ್ಟ ನೋಟಿನ ಕಂತೆಗಳು ಎಲ್ಲಿಂದ ಬಂದವೆಂದು ಯಾರೂ ಹೇಳಬೇಕಿರಲಿಲ್ಲ. ಮಾರಲು ಅವನಲ್ಲಿ ನೆಲವೊಂದೇ ಉಳಿದಿತ್ತು. ಪಾಳಿ ಮುಗಿದು ಇನ್ನೊಬ್ಬಳು ಬಂದಾಗ, "ಬೇಡ, ಇವಳೇ ಇರಲಿ" ಎಂದ. ಮೇಲ್ವಿಚಾರಕ ತಲೆಯಾಡಿಸಿದ. ಕೆನೆವೆ ನಿಂತಲ್ಲೇ ನಿಂತಳು.

ನಾಲ್ಕೂವರೆಯ ಹೊತ್ತಿಗೆ ಅವನ ಮುಂದೆ ಮುಕ್ಕಾಲು ಪಾಲು ಖಾಲಿಯಾಗಿತ್ತು. ಮೇಲ್ವಿಚಾರಕ ಫೋನಿನ ಕಡೆ ಹೋದ ಗಳಿಗೆಯಲ್ಲಿ ಅವಳು ತಲೆಯೆತ್ತದೆ ಮೆಲ್ಲಗೆ, "ಇವತ್ತು ಮನೆಗೆ ಹೋಗಿ ಧಣೀ" ಎಂದಳು.

"ಏನಂದೆ?"

"ನಾನು ಮೊಖೆಲೆಯ ಸೋದರ ಸೊಸೆ. ನಿಮ್ಮ ಹೊಳೆಬದಿಯ ಮನೆಯ ಮೊಖೆಲೆ. ಅಲ್ಲಿ ಆರು ಮನೆ ಜನ ಇದ್ದಾರೆ. ಉಳಿದದ್ದನ್ನಾದ್ರೂ ತಗೊಂಡು ಹೋಗಿ."

ಅವನು ಅವಳನ್ನು ಮೊದಲ ಸಲವೆಂಬಂತೆ ದಿಟ್ಟಿಸಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ. "ಮೊಖೆಲೆ ಒಳ್ಳೆಯವನು" ಎಂದ. ಆಮೇಲೆ, "ಹಾಗಾದ್ರೆ ನಿಂಗೇ ಗೊತ್ತಲ್ಲ, ಇದನ್ನ ನಾನು ವಾಪಸ್ ತಗೊಳ್ಳಲೇಬೇಕು. ತಿರುಗಿಸು" ಎಂದ.

ಮೇಲ್ವಿಚಾರಕ ಮರಳಿ ಬಂದು ಅವಳ ಹಿಂದೆ ನಿಂತಿದ್ದ. ಅವಳು ತಿರುಗಿಸಿದಳು. ಅವನು ಕಪ್ಪಿಗೆ ಒಂದು ಒಟ್ಟು ಇಟ್ಟು, ಎಂಟರ ಮೇಲೂ ಅದರ ಅಕ್ಕಪಕ್ಕದ ಅಂಕಿಗಳ ಮೇಲೂ ಮಿಕ್ಕ ಬಿಲ್ಲೆಗಳನ್ನು ಹರವಿದ. ಗುಂಡು ಕೆಂಪು ಹತ್ತೊಂಬತ್ತಕ್ಕೆ ಬಿತ್ತು. ಗೊಂಬೆಯನ್ನು ಹತ್ತೊಂಬತ್ತರ ಮೇಲಿಟ್ಟು, ಉಳಿದದ್ದನ್ನೆಲ್ಲ ಎರಡೂ ಕೈಗಳಿಂದ ಬಳಿದುಕೊಂಡಳು. ಐದು ಗಂಟೆಗೆ ಅವನು ಎದ್ದು ಕೋಟಿನ ಗುಂಡಿ ಹಾಕಿಕೊಂಡು ಹೋದ. ಕೆಲವು ವರ್ಷಗಳ ಮೇಲೆ ಬ್ಲೂಮ್‌ಫಾಂಟೇನಿನ ರೈಲ್ವೆ ಗೋದಾಮಿನಲ್ಲಿ ಗುಮಾಸ್ತನಾಗಿದ್ದಾನೆಂದು ಯಾರೋ ಹೇಳಿದರು. ಅವಳು ಮತ್ತೆ ಅವನನ್ನು ನೋಡಲಿಲ್ಲ.

ಫಾರ್ಮು ಕೊಂಡವನಿಗೆ ಯಂತ್ರಗಳಿದ್ದವು, ಜನ ಬೇಕಿರಲಿಲ್ಲ. ತಿಂಗಳ ಕೊನೆಯೊಳಗೆ ಆರೂ ಮನೆ ಖಾಲಿ ಮಾಡಬೇಕೆಂದು ಪೊಲೀಸಿನವನು ಬಂದು ಹೇಳಿಹೋದ. ದನಗಳಿಗೆ ನದಿ ದಾಟಲು ಸರ್ಕಾರದ ಚೀಟಿ ಬೇಕು. ಚೀಟಿಗೆ ಮೂರು ತಿಂಗಳಾಗುತ್ತದೆ. ಬೇಲಿಯ ಹೊರಗೇ ಕಾದುಕೊಂಡಿದ್ದ ದಲ್ಲಾಳಿಗೆ ಹನ್ನೊಂದನ್ನೂ ಅವನು ಕೇಳಿದ ಬೆಲೆಗೆ ಹೊಡೆದುಕೊಟ್ಟು, ಮೊಖೆಲೆ ಒಂದು ಮಂಚ, ಮೂರು ಕಾಲಿನ ಕಬ್ಬಿಣದ ಗಡಿಗೆ, ಒಂದು ಕಂಬಳಿಯೊಂದಿಗೆ ಸೇತುವೆ ದಾಟಿ ಕೆನೆವೆಯ ಬಾಡಿಗೆ ಕೋಣೆಗೆ ಬಂದ. ಲಿಮಕಾತ್ಸೊ ತನ್ನ ಹಾಸಿಗೆ ಸುತ್ತಿಕೊಂಡು ಅಕ್ಕನ ಮನೆಗೆ ಹೋದಳು.

ಎರಡು ವಾರ ಅವನು ಅಂಗಳದಲ್ಲಿ ಗೋಡೆಗೊರಗಿ ಕೂತ. ಒಂದು ಭಾನುವಾರ ಬೆಳಿಗ್ಗೆ ಮುದ್ದೆ, ಸೊಪ್ಪು ಉಂಡಾದ ಮೇಲೆ, "ಅವನ ಫಾರ್ಮು ತಿಂದದ್ದು ಒಂದು ಚಕ್ರ ಅಂತಾರಲ್ಲ. ನಿಮ್ಮ ಹೊಟೇಲಲ್ಲೇ ಇದೆಯಂತೆ. ನೋಡಿದ್ದೀಯಾ? ಹ್ಯಾಗಿರುತ್ತೆ ಅದು?" ಎಂದು ಕೇಳಿದ.

ಅವಳು ಒಳಗೆ ಹೋಗಿ ಎನಾಮೆಲಿನ ಬೋಗುಣಿ ತಂದಳು. ಅದರ ಒಳಗೋಡೆಯ ಸುತ್ತ ಇದ್ದಿಲಿನಿಂದ ಅಂಕಿ ಬರೆದಳು. ನೆಲದ ಮೇಲೆ ಮನೆಗಳನ್ನು ಗೀಚಿದಳು. ಇಪ್ಪತ್ತು ಜೋಳದ ಕಾಳು ಅವನ ಕೈಗಿಟ್ಟಳು. ಒಣ ಬಟಾಣಿ ಕಾಳೇ ಗುಂಡು. ಬೋಗುಣಿ ತಿರುಗಿಸಿ ಬಟಾಣಿ ಬಿಟ್ಟಾಗ ಅವಳ ಕೈ ತನ್ನಷ್ಟಕ್ಕೆ ನೆಲದ ಮೇಲೆ ಅಡ್ಡ ಆಡಿತು. ಮೊಖೆಲೆ ಆ ಕೈಯನ್ನೇ ನೋಡಿದ.

ಅವನು ಒಂದೊಂದೇ ಕಾಳು ಇಟ್ಟ. ಸೋತ, ಸೋತ. ಹನ್ನೊಂದರ ಮೇಲಿಟ್ಟದ್ದು ಒಮ್ಮೆ ಬಂತು. ಅವಳು ಮೂವತ್ತೈದು ಕಾಳು ಎಣಿಸಿ ದೂಡಿದಾಗ ಬೊಚ್ಚುಬಾಯಿ ಬಿಟ್ಟು ನಕ್ಕ. ನದಿ ದಾಟಿ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅರ್ಧ ಗಂಟೆಯಲ್ಲಿ ಅವೂ ಮುಗಿದವು.

"ಈ ಸೊನ್ನೆ ಯಾರದು?" ಎಂದ.

"ಆಡಿಸೋರದು ಮಾವ."

"ಮೂವತ್ತು ವರ್ಷ ದನ ಸಾಕಿದೋನು ನಾನು. ಒಂದರ ಕಾಲು ಮುರಿದ್ರೆ ಯಾಕೆ ಮುರೀತು ಅಂತ ತಿಳೀತಿತ್ತು. ಇಲ್ಲಿ ಇಷ್ಟು ಕಾಳು ಹೋಯ್ತಲ್ಲ, ಯಾಕೆ ಹೋಯ್ತು?"

"ಯಾಕೂ ಇಲ್ಲ. ಸುಮ್ನೆ ಹೋಗುತ್ತೆ."

"ಅವನಿಗೆ ಇದನ್ನ ಯಾರು ಹೇಳಿಕೊಟ್ರು?"

ಗೆಳೆಯರೆಂದು ಹೇಳಬಹುದಿತ್ತು. ಬೋಗುಣಿಯ ಇದ್ದಿಲನ್ನು ಹೆಬ್ಬೆರಳಿನಿಂದ ಉಜ್ಜುತ್ತ, "ನಾನು" ಎಂದಳು. ಮತ್ತೆ ನಿಲ್ಲಿಸಲಾಗದೆ ಎಲ್ಲ ಹೇಳಿದಳು. ಎಂಟರ ಮೇಲಿಟ್ಟ ಬಿಲ್ಲೆ, ಪೆನ್ಸಿಲ್, ಮಂಗಳವಾರ ಅವಳು ಆಡಿದ ಮಾತು, ಅವನು ಮೊಖೆಲೆ ಒಳ್ಳೆಯವನೆಂದದ್ದು.

ಮೊಖೆಲೆ ಕೇಳಿಸಿಕೊಂಡ. "ಯಾರಾದ್ರೂ ಹೇಳಿಕೊಡ್ತಿದ್ರು ಬಿಡು" ಎಂದ. ಆಮೇಲೆ, "ಹಬ್ಬಕ್ಕೆ ಬಂದಾಗ ನಿಂಗೆ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ನಾನು ಕೇಳಿದ್ನಲ್ಲ ಮಗಳೇ."

"ಕೇಳಿದ್ರಿ."

"ಒಂದು ವರ್ಷ ಇತ್ತು. ಚೀಟಿ ಮಾಡಿಸಿಕೊಂಡು ದನಾನಾದ್ರೂ ದಾಟಿಸ್ತಿದ್ದೆ."

ಅವನು ದನಿ ಎತ್ತಿರಲಿಲ್ಲ. ಅಂಗಳದ ಕೋಳಿಗಳು ಬಂದು ಜೋಳದ ಕಾಳು ಹೆಕ್ಕತೊಡಗಿದವು, ಇಬ್ಬರೂ ಓಡಿಸಲಿಲ್ಲ. ಆ ವಾರವೇ ಮಾಫೆತೆಂಗಿನ ಬಸ್ಸು ಹತ್ತಿ ಅವನು ತಮ್ಮನ ಮಗನ ಮನೆಗೆ ಹೋದ. ಮಂಚವನ್ನು ಅವಳಿಗೇ ಬಿಟ್ಟ.

ಎಪ್ಪತ್ತೈದರಲ್ಲಿ ಕೆನೆವೆಗೆ ತ್ಲಾದಿ ಎಂಬ ಬಸ್ ಚಾಲಕನ ಜೊತೆ ಮದುವೆಯಾಯಿತು. ಗಂಡಿನ ಕಡೆಯವರು ತೆರದ ದನ ತಂದಾಗ ಪದ್ಧತಿಯಂತೆ ಸೋದರಮಾವನ ಪಾಲಿಗೆ ಬರುವ ಹಸುವನ್ನು ಬೇರೆ ಮಾಡಿ, ಆಳೊಬ್ಬನ ಜೊತೆ ಮಾಫೆತೆಂಗಿಗೆ ಕಳಿಸಿದರು. ನಾಲ್ಕನೆಯ ದಿನ ಆಳು ಹಸುವನ್ನು ಹೊಡೆದುಕೊಂಡು ವಾಪಸ್ ಬಂದ.

"ಬೇಡ ಅಂದ್ರಾ?" ಎಂದು ಕೆನೆವೆ ಕೇಳಿದಳು.

"ಕೋಪ ಏನಿಲ್ವಂತೆ. ಮೇಯಿಸೋಕೆ ಜಾಗ ಇಲ್ಲ ಅಂತ ಹೇಳು ಅಂದ್ರು. ಬೆನ್ನು ಸವರಿ ನೋಡಿದ್ರು, ಒಳ್ಳೆ ಹಸು ಅಂದ್ರು. ನಂಗೆ ಊಟ ಹಾಕಿಸಿ ಕಳಿಸಿದ್ರು."

ಮರುವರ್ಷದ ಚಳಿಗಾಲದಲ್ಲಿ ಮೊಖೆಲೆ ಕೆಮ್ಮಿ ಕೆಮ್ಮಿ ತೀರಿಕೊಂಡ. ಹೆಂಡತಿ ಮಕ್ಕಳ ಮಗ್ಗುಲಲ್ಲಿ ಹೂಳಬೇಕೆಂದು ಅವನ ತಮ್ಮನ ಮಗ ಫಾರ್ಮಿನ ಹೊಸ ಧಣಿಗೆ ಕಾಗದ ಬರೆಸಿ ನೋಡಿದ, ಉತ್ತರ ಬರಲಿಲ್ಲ. ಮಾಫೆತೆಂಗಿನ ಕಲ್ಲುನೆಲದಲ್ಲೇ ಗುಂಡಿ ತೋಡಿದರು. ಕೆನೆವೆ ಹೊಟೇಲಿನಲ್ಲಿ ಎರಡು ದಿನದ ರಜೆ ಕೇಳಿ ಹೋಗಿ ಮಣ್ಣು ಹಾಕಿದಳು. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಅವಳ ಪಾಳಿಯಿತ್ತು. ಮೊದಲ ಬಸ್ಸಿಗೇ ಹೊರಟಳು.